ನಡುಮನೆಯ ಪರದೆಯ ಮೇಲೆ ಕುರುಕ್ಷೇತ್ರ

ಕಾವ್ಯವೆಂದರೆ ಒಬ್ಬನೇ ಕುಳಿತು ಕಣ್ಣಿನಿಂದ ಓದುವ ವಸ್ತು ಎಂಬ ಭಾವನೆ ನಮ್ಮಲ್ಲಿ ಬಲವಾಗಿ ನೆಲೆಯೂರಿದ್ದು ಮುದ್ರಣ ಬಂದ ಮೇಲೆ. ಅದಕ್ಕೆ ಮುಂಚೆ ಓದುವುದೆಂದರೆ ಓದಿ ಹೇಳುವುದು. ಹಳೆಯ ಮೈಸೂರು ಸೀಮೆಯ ಹಳ್ಳಿಗಳಲ್ಲಿ ಮುದ್ರಣ ಬಂದ ಮೇಲೂ ಬಹುಕಾಲ ಹಾಗೆಯೇ ನಡೆಯಿತು. ಕುಮಾರವ್ಯಾಸನ ಭಾರತವನ್ನೋ ಲಕ್ಷ್ಮೀಶನ ಜೈಮಿನಿ ಭಾರತವನ್ನೋ ಒಬ್ಬರು ವಾಚಿಸುವರು, ಇನ್ನೊಬ್ಬರು ವ್ಯಾಖ್ಯಾನ ಮಾಡುವರು, ಉಳಿದವರು ಕೇಳುವರು. ಕೇಳುವವರು ಸುಮ್ಮನೆ ಕೇಳುತ್ತಿರಲಿಲ್ಲ. ಅವರಲ್ಲಿ ಅಕ್ಷರ ಬಾರದ ಹಿರಿಯರೊಬ್ಬರು ವಾಚಕರನ್ನು ತಡೆದು, ಆ ಮಾತು ಹಾಗಲ್ಲ, ಹೀಗೆ ಎಂದು ತಿದ್ದುವುದೂ ಇತ್ತು. ಗ್ರಂಥಸಂಪಾದನೆಯ ಪಾಠಗಳಲ್ಲಿ ನಾವು ಓಲೆ, ಕಾಗದ, ಲಿಪಿಕಾರ ಎಂದು ಎಣಿಸುತ್ತೇವೆ. ಪಾಠವನ್ನು ಕಾಪಾಡಿದವರ ಪಟ್ಟಿಯಲ್ಲಿ ಸಭೆಯನ್ನು ಸೇರಿಸುವುದಿಲ್ಲ. ಅದನ್ನು ಸೇರಿಸಬೇಕೆಂದು ನನಗೆ ತೋರಿದ್ದು, ನಮ್ಮ ಮನೆಯಲ್ಲಿದ್ದ ಹಳೆಯ ಧ್ವನಿ ಮತ್ತು ದೃಶ್ಯಮುದ್ರಣಗಳನ್ನು ನಡುಮನೆಯ ದೂರದರ್ಶನಕ್ಕೆ ಕಳುಹಿಸುವ ಒಂದು ಪುಟ್ಟ ಸಾಧನದಿಂದಾಗಿ.

ಬೆಂಗಳೂರು ಗ್ರಾಮಾಂತರ ಜಿಲ್ಲೆಯ ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲ ತಾಲ್ಲೂಕುಗಳಲ್ಲಿ ಪೌರಾಣಿಕ ನಾಟಕದ ಹುಚ್ಚು ಇಂದಿಗೂ ಇಳಿದಿಲ್ಲ. ನೆರೆಯ ತುಮಕೂರು ಸೀಮೆಯಲ್ಲಿಯೂ ಹಾಗೆಯೇ. ಆಡುವ ನಾಟಕ ಹೆಚ್ಚಾಗಿ ‘ಕುರುಕ್ಷೇತ್ರ’. ರೈತರು, ಮಗ್ಗದವರು, ಉಪಾಧ್ಯಾಯರು, ಪಂಚಾಯಿತಿ ಸದಸ್ಯರು ತಾವೇ ಹಣ ಹಾಕಿ ಪಾತ್ರ ಹಿಡಿಯುತ್ತಾರೆ. ದೊಡ್ಡ ಪಾತ್ರಕ್ಕೆ ದೊಡ್ಡ ಮೊತ್ತ. ಆಸೆಪಡುವವರು ಹೆಚ್ಚಾದಾಗ ಒಂದೇ ರಾತ್ರಿಯಲ್ಲಿ ಒಂದನೆಯ ಕೃಷ್ಣ, ಎರಡನೆಯ ಕೃಷ್ಣ, ಒಂದನೆಯ ದುರ್ಯೋಧನ, ಎರಡನೆಯ ದುರ್ಯೋಧನ ಎಂದು ಪಾತ್ರ ಹಂಚಿಕೆಯಾಗಿ, ಆಹ್ವಾನಪತ್ರಿಕೆಯಲ್ಲಿ ಆ ಕ್ರಮದಲ್ಲಿಯೇ ಹೆಸರುಗಳು ಅಚ್ಚಾಗುತ್ತವೆ. ದುಶ್ಶಾಸನ ವಧೆಗೆ ಬರುವವನು ರುದ್ರಭೀಮ. ಅವನಿಗೆ ಬೇರೆ ನಟ. ಸ್ತ್ರೀಪಾತ್ರಗಳಿಗೆ ಪಟ್ಟಣದಿಂದ ಕಲಾವಿದೆಯರು ಬರುತ್ತಾರೆ, ಸೀನರಿ ಬಾಡಿಗೆಗೆ ಬರುತ್ತದೆ. ತಿಂಗಳುಗಟ್ಟಲೆ ಅಭ್ಯಾಸ ಮಾಡಿಸುವವರು ಡ್ರಾಮಾ ಮೇಷ್ಟ್ರು. ಕಂದ, ವೃತ್ತ, ಸೀಸಪದ್ಯಗಳನ್ನು ರಾಗಕ್ಕೆ ಕೂರಿಸಿ, ಅಕ್ಷರ ಬಾರದವನ ಬಾಯಲ್ಲಿಯೂ ಹಳೆಗನ್ನಡದ ಸಮಾಸಗಳು ಉರುಳುವಂತೆ ಮಾಡುವವರು ಅವರೇ. ಹಾಡಿನ ಎಳೆತದಲ್ಲಿ ತೆಲುಗು ಪೌರಾಣಿಕ ರಂಗಭೂಮಿಯ ಛಾಯೆ ಸ್ಪಷ್ಟ. ಗಡಿ ಹತ್ತಿರದ ಸೀಮೆಯಲ್ಲಿ ಅದು ಸಹಜವೂ ಹೌದು.

ಗುಬ್ಬಿ ವೀರಣ್ಣನವರ ಕಂಪನಿಯು ಆನೆ ಕುದುರೆಗಳನ್ನೇ ರಂಗದ ಮೇಲೆ ತಂದು ಆಡಿದ ‘ಕುರುಕ್ಷೇತ್ರ’ದ ಬಗ್ಗೆ ನಮ್ಮ ರಂಗಭೂಮಿಯ ಚರಿತ್ರಕಾರರು ಸಾಕಷ್ಟು ಬರೆದಿದ್ದಾರೆ. ಹಳ್ಳಿಯ ‘ಕುರುಕ್ಷೇತ್ರ’ಕ್ಕೆ ಅಷ್ಟು ಗೌರವ ಸಿಕ್ಕಿಲ್ಲ. ಇದು ಸರಿಯಲ್ಲವೆಂದು ನನ್ನ ಅಭಿಪ್ರಾಯ. ಮುದ್ರಿತ ನಾಟಕದ ಪುಸ್ತಕವೊಂದು, ಮೇಷ್ಟ್ರ ಕೈಬರಹದ ನೋಟುಪುಸ್ತಕ ಮತ್ತೊಂದು, ರಂಗದ ಮೇಲೆ ಹಾಡಿದ್ದು ಮೂರನೆಯದು. ಈ ಮೂರರ ನಡುವಿನ ಪಾಠಾಂತರಗಳು ಯಾವ ಓಲೆಗರಿಯ ಪಾಠಾಂತರಗಳಿಗೂ ಕಡಿಮೆಯಲ್ಲ. ನೋಟುಪುಸ್ತಕ ಮೇಷ್ಟ್ರ ಜೊತೆಗೆ ಹೋಗುತ್ತದೆ. ಹಾಡಿದ್ದು ಉಳಿದಿದ್ದರೆ ಯಾರಾದರೂ ಅಂದು ವೀಡಿಯೊ ಮಾಡಿಸಿದ್ದ ಪುಣ್ಯದಿಂದ.

ನಮ್ಮ ದೊಡ್ಡಪ್ಪ ಮಾಡಿಸಿದ್ದರು. ದೊಡ್ಡಬೆಳವಂಗಲದ ಕಡೆಯ ನಮ್ಮ ಊರಿನಲ್ಲಿ 1997ರಲ್ಲಿ ಆಡಿದ ‘ಕುರುಕ್ಷೇತ್ರ’ದಲ್ಲಿ ಅವರದು ಕರ್ಣನ ಪಾತ್ರ. ಮದುವೆಯ ವೀಡಿಯೊ ತೆಗೆಯುವವರೊಬ್ಬರನ್ನು ಕರೆಸಿ ರಾತ್ರಿಯಿಡೀ ಚಿತ್ರೀಕರಿಸಿದ್ದರು. ಒಂದು ವಿಎಚ್‌ಎಸ್ ಟೇಪಿಗೆ ಮೂರು ಗಂಟೆ. ನಾಟಕಕ್ಕೆ ಮೂರು ಟೇಪು. ಇವಲ್ಲದೆ ಮನೆಯ ಭಂಡಾರದಲ್ಲಿ ಮದುವೆಗಳ ಏಳೆಂಟು ಟೇಪುಗಳು, ಅಜ್ಜಿ ಹಾಡಿದ ಸೋಬಾನೆ ಪದಗಳ ಕ್ಯಾಸೆಟ್ಟುಗಳು, ರೇಡಿಯೊದಿಂದ ಹಿಡಿದಿಟ್ಟ ಗಮಕ ವಾಚನ, ನಾನೇ ವಿದ್ಯಾರ್ಥಿದೆಸೆಯಲ್ಲಿ ಮುದ್ರಿಸಿಕೊಂಡ ಅಧ್ಯಾಪಕರ ಉಪನ್ಯಾಸಗಳು. ಎಲ್ಲವೂ ಒಂದು ತಗಡಿನ ಟ್ರಂಕಿನಲ್ಲಿ, ಕರ್ಪೂರದ ಗುಳಿಗೆಗಳ ನಡುವೆ.

ಟೇಪಿನ ಆಯುಸ್ಸು ಓಲೆಗರಿಯ ಆಯುಸ್ಸಲ್ಲ. ಓಲೆಯು ಕೆಲವು ಶತಮಾನ ಬಾಳುತ್ತದೆ. ಕಾಂತೀಯ ಟೇಪು ಮೂರು ದಶಕ ದಾಟುವಷ್ಟರಲ್ಲಿ ಬೂಷ್ಟು ಹಿಡಿದು, ಲೇಪ ಸುಲಿದು ನಿಲ್ಲುತ್ತದೆ. ಟೇಪು ಉಳಿದರೂ ಅದನ್ನು ಓದುವ ಯಂತ್ರ ಉಳಿಯುವುದಿಲ್ಲ. ಜಪಾನಿನ ಫುನಾಯ್ ಸಂಸ್ಥೆಯು 2016ರ ಜುಲೈಯಲ್ಲಿ ವಿಸಿಆರ್ ತಯಾರಿಕೆಯನ್ನು ನಿಲ್ಲಿಸಿದಾಗ ಜಗತ್ತಿನಲ್ಲಿ ಅದನ್ನು ತಯಾರಿಸುವವರು ಬೇರೆ ಯಾರೂ ಉಳಿದಿರಲಿಲ್ಲ. ಆಸ್ಟ್ರೇಲಿಯಾದ ರಾಷ್ಟ್ರೀಯ ಚಲನಚಿತ್ರ ಮತ್ತು ಧ್ವನಿ ಸಂಗ್ರಹಾಲಯವು 2015ರಲ್ಲಿಯೇ, 2025ರೊಳಗೆ ಅಂಕೀಕರಿಸದ ಟೇಪುಗಳು ಬಹುಪಾಲು ಕೈಬಿಟ್ಟುಹೋದಂತೆಯೇ ಎಂದು ಎಚ್ಚರಿಸಿತ್ತು. ದೊಡ್ಡ ಸಂಗ್ರಹಾಲಯಗಳನ್ನು ಉದ್ದೇಶಿಸಿದ ಮಾತು ಅದು. ತಗಡಿನ ಟ್ರಂಕುಗಳಿಗೆ ಇನ್ನಷ್ಟು ಅನ್ವಯಿಸುತ್ತದೆ. ಬೆಂಗಳೂರಿನಲ್ಲಿ ಈ ಕೆಲಸ ಮಾಡುವವರೊಬ್ಬರ ಬಳಿ ಎಲ್ಲವನ್ನೂ ಅಂಕೀಕರಿಸಿ ತಂದೆ. ಎರಡು ಟೇಪುಗಳು ಉಳಿಯಲಿಲ್ಲ. ನಾಟಕದ ಮೂರೂ ಉಳಿದವು.

ಅನಂತರ ಅವು ಹಾರ್ಡ್ ಡಿಸ್ಕಿನಲ್ಲಿ ಸುಮ್ಮನೆ ಬಿದ್ದಿದ್ದವು. ಕಂಪ್ಯೂಟರಿನ ಮುಂದೆ ನಾನೊಬ್ಬನೇ ಕಿವಿಗೆ ಯಂತ್ರ ಸಿಕ್ಕಿಸಿಕೊಂಡು ಒಂದಷ್ಟು ಭಾಗ ನೋಡಿದೆ, ಪದ್ಯಗಳನ್ನು ಬರೆದುಕೊಂಡೆ. ಮೊಬೈಲಿನಲ್ಲಿ ಬಂಧುಗಳಿಗೆ ಕಳುಹಿಸಿದ ತುಣುಕುಗಳನ್ನು ಅವರು ಅಂಗೈಯಗಲದ ಪರದೆಯಲ್ಲಿ ನೋಡಿ, ಕೈಮುಗಿಯುವ ಚಿಹ್ನೆಯೊಂದನ್ನು ಹಾಕಿ ಮುಂದಕ್ಕೆ ಹೋದರು. ಹಸ್ತಪ್ರತಿ ಭಂಡಾರದಲ್ಲಿ ಕಟ್ಟು ಬಿಚ್ಚದ ಗ್ರಂಥದ ಸ್ಥಿತಿಗೂ ಇದಕ್ಕೂ ನನಗೆ ಹೆಚ್ಚು ವ್ಯತ್ಯಾಸ ಕಾಣಲಿಲ್ಲ.

ಮಗಳು ಊರಿಗೆ ಬಂದಾಗ ಒಂದು ಕಾಸ್ಟಿಂಗ್ ಸಾಧನವನ್ನು ತಂದು ದೂರದರ್ಶನದ ಹಿಂಬದಿಯ ಎಚ್‌ಡಿಎಮ್‌ಐ ಕಿಂಡಿಗೆ ಸಿಕ್ಕಿಸಿದಳು. ಹೆಬ್ಬೆರಳಿನಷ್ಟು ವಸ್ತು. ಈ ಬಗೆಯ ಸಾಧನಗಳಲ್ಲಿ ಹೆಸರಾದದ್ದು ಗೂಗಲ್ ಸಂಸ್ಥೆಯ ಕ್ರೋಮ್‌ಕಾಸ್ಟ್. ಅಮೆರಿಕದಲ್ಲಿ 2013ರ ಜುಲೈಯಲ್ಲಿ 35 ಡಾಲರಿಗೆ ಬಂದದ್ದು ನಮ್ಮ ದೇಶದ ಮಾರುಕಟ್ಟೆಗೆ 2014ರ ಡಿಸೆಂಬರಿನಲ್ಲಿ 2,999 ರೂಪಾಯಿಗೆ ಬಂತು. ನಮ್ಮ ಮನೆಯದು ಬೇರೊಂದು ಕಂಪನಿಯದು, ಕ್ರಮ ಮಾತ್ರ ಅದೇ. ಹಳೆಯ ಲ್ಯಾಪ್‌ಟಾಪ್ ಒಂದರಲ್ಲಿ ಜೆಲ್ಲಿಫಿನ್ ಎಂಬ ಉಚಿತ, ಮುಕ್ತ ತಂತ್ರಾಂಶವನ್ನು ಹಾಕಿ, ಹಾರ್ಡ್ ಡಿಸ್ಕನ್ನು ಅದಕ್ಕೆ ಜೋಡಿಸಿ, ‘ಇದು ನಿಮ್ಮ ಭಂಡಾರ, ಈ ಮೊಬೈಲು ಅದರ ಸೂಚಿ, ಟಿವಿ ನಿಮ್ಮ ವ್ಯಾಸಪೀಠ’ ಎಂದು ವಿವರಿಸಿದಳು. ಅಪ್ಪನ ಪರಿಭಾಷೆಯಲ್ಲಿಯೇ ಹೇಳಬೇಕೆಂಬ ಉಪಾಯ.

ಉಪಮಾನ ಚೆನ್ನಾಗಿಯೇ ಹೊಂದುತ್ತದೆ. ಅನೇಕರು ಭಾವಿಸುವಂತೆ ಮೊಬೈಲು ಚಿತ್ರವನ್ನು ತಾನು ಹೊತ್ತುಕೊಂಡು ಹೋಗಿ ಟಿವಿಗೆ ಮುಟ್ಟಿಸುವುದಿಲ್ಲ. ಇಂಥ ಕಡತ ಇಂಥ ವಿಳಾಸದಲ್ಲಿದೆ ಎಂದು ಸಾಧನಕ್ಕೆ ತಿಳಿಸುವುದಷ್ಟೇ ಅದರ ಕೆಲಸ. ಸಾಧನವು ಮನೆಯ ವೈಫೈ ಮೂಲಕ ನೇರವಾಗಿ ಭಂಡಾರದಿಂದ ಕಡತವನ್ನು ತರಿಸಿಕೊಳ್ಳುತ್ತದೆ. ಆದ್ದರಿಂದಲೇ ನಾಟಕ ಓಡುತ್ತಿರುವಾಗ ಮೊಬೈಲಿಗೆ ಕರೆ ಬಂದರೂ ಕೃಷ್ಣನ ಸಂಧಾನ ನಿಲ್ಲುವುದಿಲ್ಲ. ತೊಡಕಾದದ್ದು ಕಡತದ ಸ್ವರೂಪದಲ್ಲಿ. ಅಂಕೀಕರಿಸಿದವರು ಡಿವಿಡಿಗೆ ಹೊಂದುವ ಎಂಪೆಗ್-2 ರೂಪದಲ್ಲಿ ಕೊಟ್ಟಿದ್ದರು. ಈ ಪುಟ್ಟ ಸಾಧನಕ್ಕೆ ಅದು ಓದಲು ಬಾರದ ಲಿಪಿ. ನಡುವೆ ಲ್ಯಾಪ್‌ಟಾಪು ಕ್ಷಣಕ್ಷಣವೂ ಲಿಪ್ಯಂತರ ಮಾಡಿಕೊಡಬೇಕು. ಹತ್ತು ವರ್ಷದ ಯಂತ್ರ ಕಾದು ಏದುಸಿರು ಬಿಟ್ಟಿತು. ಕೊನೆಗೆ ಎಲ್ಲವನ್ನೂ ಒಮ್ಮೆಗೇ ಎಚ್.264 ರೂಪಕ್ಕೆ ಪರಿವರ್ತಿಸಿ, ಮೂಲಪ್ರತಿಯನ್ನು ಬೇರೆಯಾಗಿ ಇರಿಸಿದೆವು. ಮೂಲವನ್ನು ಉಳಿಸಿಕೊಂಡೇ ಓದುಪ್ರತಿ ಸಿದ್ಧಪಡಿಸುವುದು ಸಂಪಾದಕರಿಗೆ ಹೊಸತೇನಲ್ಲ. ಚಿತ್ರದ ಅಗಲದ ಬಗ್ಗೆಯೂ ಎಚ್ಚರ ಬೇಕಾಯಿತು. ಹಳೆಯ ಟೇಪಿನ ನಾಲ್ಕಕ್ಕೆ ಮೂರರ ಚೌಕಟ್ಟನ್ನು ಈಗಿನ ಟಿವಿಗಳು ಹಿಗ್ಗಿಸಿ ಹದಿನಾರಕ್ಕೆ ಒಂಬತ್ತು ಮಾಡುತ್ತವೆ. ಭೀಮನಿಗೆ ಅದು ಒಪ್ಪಬಹುದು, ದ್ರೌಪದಿಗೆ ಒಪ್ಪುವುದಿಲ್ಲ.

ವಿದ್ಯಾರ್ಥಿಗಳು ಗಮನಿಸಬೇಕಾದ ಸಂಗತಿಯೊಂದು ಇಲ್ಲಿದೆ. ಇಂಥ ತಂತ್ರಾಂಶಗಳು ಕಡತದ ಹೆಸರನ್ನು ನೋಡಿ, ಅಂತರಜಾಲದಲ್ಲಿರುವ ಚಲನಚಿತ್ರಗಳ ಸೂಚಿಯೊಂದಿಗೆ ಹೋಲಿಸಿ, ಭಿತ್ತಿಚಿತ್ರವನ್ನೂ ನಟವರ್ಗವನ್ನೂ ತಾವೇ ಅಂಟಿಸುತ್ತವೆ. ನಮ್ಮ ಊರಿನ ‘ಕುರುಕ್ಷೇತ್ರ’ಕ್ಕೆ ಅದು 2019ರ ಆಗಸ್ಟಿನಲ್ಲಿ ತೆರೆಕಂಡ ಕನ್ನಡ ಚಲನಚಿತ್ರದ ಭಿತ್ತಿಚಿತ್ರವನ್ನು ತಂದು ಹಾಕಿತು. ನಮ್ಮ ಊರಿನ ದುರ್ಯೋಧನ, ಅಂದರೆ ರೇಷ್ಮೆಗೂಡಿನ ವ್ಯಾಪಾರ ಮಾಡುತ್ತಿದ್ದ ಹಿರಿಯರು, ಪರದೆಯ ಮೇಲೆ ಚಿತ್ರನಟ ದರ್ಶನ್ ಆಗಿಬಿಟ್ಟರು. ಮನೆಯವರೆಲ್ಲ ನಕ್ಕರು. ನಾನೂ ನಕ್ಕೆ, ಆದರೆ ಕೃತಿಗಳ ಕರ್ತೃತ್ವ ತಪ್ಪಿಹೋದದ್ದು ಎಷ್ಟೋ ಸಲ ಹೀಗೆಯೇ ಅಲ್ಲವೇ ಎನ್ನಿಸಿತು. ಒಂದೇ ಶೀರ್ಷಿಕೆ, ಹೆಚ್ಚು ಪ್ರಸಿದ್ಧನಾದ ಒಬ್ಬ ಕರ್ತೃ, ಆತುರದ ಒಬ್ಬ ಸೂಚೀಕಾರ. ಅಪ್ರಸಿದ್ಧನ ಕೃತಿ ಪ್ರಸಿದ್ಧನ ಹೆಸರಿಗೆ ಸರಿಯುತ್ತದೆ.

ಆ ಸ್ವಯಂಚಾಲಿತ ಹೊಂದಾಣಿಕೆಯನ್ನು ನಿಲ್ಲಿಸಿ, ಪ್ರತಿಯೊಂದು ಕಡತಕ್ಕೂ ನಾವೇ ವಿವರ ಬರೆಯಲು ಕುಳಿತೆವು. ಊರು, ವರ್ಷ, ನಾಟಕ, ಸಂದರ್ಭ ಸುಲಭವಾಗಿಯೇ ತುಂಬಿದವು. ಪಾತ್ರಧಾರಿಗಳ ಸ್ಥಳ ಖಾಲಿ ಉಳಿಯಿತು. ಆಹ್ವಾನಪತ್ರಿಕೆ ಸಿಕ್ಕಿರಲಿಲ್ಲ. ಬಣ್ಣ, ಕಿರೀಟ, ಭುಜಕೀರ್ತಿಗಳ ಹಿಂದಿನ ಮುಖ ಯಾರದೆಂದು ನನಗಾಗಲಿ ನನ್ನ ತಮ್ಮನಿಗಾಗಲಿ ತಿಳಿಯುತ್ತಿರಲಿಲ್ಲ. ಲಿಪಿಕಾರರು ಗ್ರಂಥದ ಕೊನೆಯಲ್ಲಿ ತಮ್ಮ ಹೆಸರು, ಊರು, ಸಂವತ್ಸರ ಬರೆದು, ಎಣ್ಣೆ ನೀರುಗಳಿಂದ ಇದನ್ನು ಕಾಪಾಡಿ ಎಂದು ಬೇಡಿಕೊಳ್ಳುತ್ತಿದ್ದರು. ವೀಡಿಯೊ ತೆಗೆದವರು ತಮ್ಮ ಸ್ಟುಡಿಯೊದ ಹೆಸರನ್ನು ಮಾತ್ರ ಮಿನುಗುವ ಅಕ್ಷರಗಳಲ್ಲಿ ಬರೆದಿದ್ದರು.

ಹೀಗಾಗಿ ಒಂದು ಭಾನುವಾರ ಸಂಜೆ ದೊಡ್ಡಮ್ಮನನ್ನೂ, ಅಂದು ಆ ನಾಟಕದಲ್ಲಿ ಶಕುನಿಯಾಗಿದ್ದ ಊರಿನ ಹಿರಿಯರನ್ನೂ, ಅಭ್ಯಾಸದ ಮನೆಯಲ್ಲಿ ಕಾಫಿ ಹಂಚುತ್ತಿದ್ದ ಆಗಿನ ಹುಡುಗ, ಈಗಿನ ಅಜ್ಜ ಒಬ್ಬರನ್ನೂ ದೊಡ್ಡಬಳ್ಳಾಪುರದ ನಮ್ಮ ಮನೆಗೆ ಕರೆಸಿದೆವು. ಪಕ್ಕದ ಬೀದಿಯ ವಿದ್ಯುತ್ ಮಗ್ಗಗಳು ಭಾನುವಾರವಾದ್ದರಿಂದ ನಿಂತಿದ್ದವು. ನಮ್ಮ ಊರಿನಲ್ಲಿ ಏನನ್ನಾದರೂ ಕಿವಿಗೊಟ್ಟು ಕೇಳಬೇಕಾದರೆ ಈ ಲೆಕ್ಕ ಹಾಕಬೇಕು. ನೆಲದ ಮೇಲೆ ಚಾಪೆ, ಗೋಡೆಗೆ ಒರಗಿದ ಹಿರಿಯರು, ಬಾಗಿಲಲ್ಲಿ ನೆರೆಮನೆಯ ಮಕ್ಕಳು. ಮೊಬೈಲನ್ನು ಒತ್ತಿದೆ. ಪರದೆಯ ಮೇಲೆ ಹಾರ್ಮೋನಿಯಂ ಎದ್ದಿತು.

ಮೊದಲ ಹತ್ತು ನಿಮಿಷ ಯಾರೂ ಮಾತಾಡಲಿಲ್ಲ. ಅನಂತರ ಒಬ್ಬರನ್ನೊಬ್ಬರು ತಡೆಯತೊಡಗಿದರು. ಶಕುನಿಯವರು ಪ್ರತಿಯೊಂದು ಪಾತ್ರ ಪ್ರವೇಶಿಸುತ್ತಿದ್ದಂತೆ ನಡಿಗೆಯಿಂದಲೇ ಹೆಸರು ಹೇಳಿದರು. ನನ್ನ ತಮ್ಮ ಬರೆದುಕೊಂಡ. ಒಬ್ಬ ಭೀಷ್ಮನ ಬಗ್ಗೆ ಇಬ್ಬರು ಹಿರಿಯರಿಗೂ ಜಗಳವೇ ಆಯಿತು. ಪರದೆ ದೊಡ್ಡದಾದ್ದರಿಂದ ಕೈಯ ಆರನೆಯ ಬೆರಳು ಕಂಡು ಅದು ಇತ್ಯರ್ಥವಾಯಿತು. ಅಂಗೈಯ ಪರದೆಯಲ್ಲಿ ಆ ಬೆರಳು ಯಾರಿಗೂ ಕಾಣುತ್ತಿರಲಿಲ್ಲ; ಕಂಡರೂ ಅದು ಯಾರ ಬೆರಳೆಂದು ಹೇಳುವವರು ಪಕ್ಕದಲ್ಲಿರುತ್ತಿರಲಿಲ್ಲ.

ಮೂರನೆಯ ಟೇಪಿನ ನಡುವೆ ದೊಡ್ಡಪ್ಪನ ಕೊನೆಯ ಪದ್ಯ ಬಂತು, ರಥದ ಗಾಲಿ ಹೂತ ಸನ್ನಿವೇಶದ್ದು. ದೊಡ್ಡಪ್ಪ ತೀರಿಕೊಂಡು ಹದಿನೈದು ವರ್ಷದ ಮೇಲಾಗಿದೆ. ನಮ್ಮ ಬಂಧುವರ್ಗದಲ್ಲಿ ಅವರ ಗಾಯನದ ಹೆಗ್ಗುರುತಾಗಿ ಹಂಚಿಕೆಯಾಗಿದ್ದ ತುಣುಕು ಇದೇ. ನಾನು ಆ ಪದ್ಯವನ್ನು ಬರೆದುಕೊಂಡು, ಅದರ ಉತ್ತರಾರ್ಧ ನಮ್ಮಲ್ಲಿರುವ ಮುದ್ರಿತ ಪುಸ್ತಕದಲ್ಲಿ ಇಲ್ಲವೆಂಬುದನ್ನೂ ಗುರುತಿಸಿಟ್ಟಿದ್ದೆ. ದೊಡ್ಡಮ್ಮ ಅಲ್ಲಿಯವರೆಗೂ ಸುಮ್ಮನಿದ್ದವರು ತಲೆಯೆತ್ತಿ, ‘ಅದು ಅವರ ದನಿ ಅಲ್ಲ ಕಣಪ್ಪ’ ಎಂದರು.

‘ಅವರೇ ಅಲ್ವಾ ದೊಡ್ಡಮ್ಮ, ಬಾಯಿ ಆಡ್ತಾ ಇದೆ’ ಎಂದ ತಮ್ಮ.

‘ಬಾಯಿ ಅವರದು. ದನಿ ಮೇಷ್ಟ್ರದು. ಎರಡು ಗಂಟೆ ಹೊತ್ತಿಗೇ ಅವರಿಗೆ ಗಂಟಲು ಕಟ್ಟಿಹೋಗಿತ್ತು. ಬಿಸಿನೀರು ಕಾಯಿಸ್ಕೊಂಡು ಹೋದವಳು ನಾನೇ ತಾನೆ.’

ಶಕುನಿಯವರು ಸ್ವಲ್ಪ ಹೊತ್ತು ಕೇಳಿ ತಲೆದೂಗಿದರು. ಹೌದು, ಮೇಷ್ಟ್ರು ರಂಗದ ಪಕ್ಕದಲ್ಲಿ ಹಾರ್ಮೋನಿಯಂ ಮುಂದೆ ಕುಳಿತಂತೆಯೇ ತಮ್ಮ ಮೈಕಿನಲ್ಲಿ ಹಾಡಿದ್ದು, ಕರ್ಣ ತುಟಿಯಾಡಿಸಿದ್ದು. ಪುಸ್ತಕದಲ್ಲಿಲ್ಲದ ಆ ಉತ್ತರಾರ್ಧ ಮೇಷ್ಟ್ರ ಸ್ವಂತ ಕಟ್ಟಡ. ಅವರು ತಾವು ಹಾಡುವಾಗ ಮಾತ್ರ ಅದನ್ನು ಸೇರಿಸುತ್ತಿದ್ದರು, ಶಿಷ್ಯರಿಗೆ ಕಲಿಸುತ್ತಿರಲಿಲ್ಲ. ಅಂದರೆ ಒಂದು ಪಾಠಾಂತರದ ಮೂಲ ಯಾರೆಂಬುದು, ನಟನ ಹೆಂಡತಿಗೆ ನೆನಪಿದ್ದ ಒಂದು ಚೊಂಬು ಬಿಸಿನೀರಿನಿಂದ ಬಗೆಹರಿಯಿತು. ಕಡತವನ್ನು ನೂರು ಸಲ ಒಬ್ಬನೇ ಕೇಳಿದ್ದರೂ ನನಗೆ ಅದು ದಕ್ಕುತ್ತಿರಲಿಲ್ಲ.

ದೊಡ್ಡಮ್ಮ ಮೊದಲ ಟೇಪಿನ ಕಡೆಗೆ ಹೋಗಲು ಹೇಳಿದರು. ಒಂದು ಕಂದಪದ್ಯ, ದೊಡ್ಡಪ್ಪನದೇ ಧ್ವನಿ, ಸ್ವಲ್ಪ ಒರಟು, ಶ್ರುತಿಗಿಂತ ಒಂದು ಕೂದಲೆಳೆ ಮೇಲೆ. ಕಣ್ಣು ಮುಚ್ಚಿಕೊಂಡು ಎರಡು ಸಲ ಕೇಳಿದರು. ‘ಇದು ಅವರು’ ಎಂದರು. ಅನಂತರ, ‘ಸಾಕು, ಆರಿಸು’ ಎಂದರು. ಬಂಧುಗಳಿಗೆ ಈಗ ನಾವು ಕಳುಹಿಸುವ ತುಣುಕು ಈ ಎರಡನೆಯದು.

ಈ ಕ್ರಮಕ್ಕೆ ವಿದ್ವತ್ತಿನ ಲೋಕದಲ್ಲಿ ಒಳ್ಳೆಯ ಪೂರ್ವನಿದರ್ಶನವಿದೆ. ಡಚ್ ಸಂಗೀತವಿದ್ವಾಂಸ ಆರ್ನಾಲ್ಡ್ ಬಾಕೆ 1938ರಲ್ಲಿ ದಕ್ಷಿಣ ಭಾರತದಲ್ಲಿ ಸುತ್ತಾಡಿ ಹಾಡು, ಕುಣಿತಗಳನ್ನು ಧ್ವನಿ ಮತ್ತು ಚಲನಚಿತ್ರಗಳಲ್ಲಿ ದಾಖಲಿಸಿದ. 1984ರಲ್ಲಿ ನಜೀರ್ ಜೈರಾಜ್‌ಭಾಯ್ ಮತ್ತು ಏಮಿ ಕ್ಯಾಟ್ಲಿನ್ ಅವರು ಆ ದಾಖಲೆಗಳೊಡನೆ ತಮಿಳುನಾಡು, ಕೇರಳ, ಕರ್ನಾಟಕಗಳಿಗೆ ಮರಳಿ ಬಂದು, ಅವನ್ನು ಆಯಾ ಸಮುದಾಯಗಳ ಮುಂದಿಟ್ಟು, ನಾಲ್ಕೂವರೆ ದಶಕದಲ್ಲಿ ಏನು ಉಳಿಯಿತು, ಏನು ಮಾರ್ಪಟ್ಟಿತು ಎಂದು ಪರಿಶೀಲಿಸಿದರು. ಅವರು ಯಂತ್ರಗಳನ್ನು ಹೊತ್ತು ಊರೂರು ತಿರುಗಬೇಕಾಯಿತು. ಇಂದು ಅದೇ ಕೆಲಸವನ್ನು ಯಾವ ತಾಲ್ಲೂಕಿನ ಸಂಶೋಧನ ವಿದ್ಯಾರ್ಥಿಯೂ ಜೇಬಿನಲ್ಲಿ ಹಿಡಿಸುವ ಸಾಧನದಿಂದ ಮಾಡಬಹುದು. ಹಾಗೆ ಮಾಡಿದವರು ನನಗೆ ಹೆಚ್ಚು ಕಂಡಿಲ್ಲ. ನಾವು ಮುದ್ರಿಸಿಕೊಂಡು ಬರುತ್ತೇವೆ, ಮರಳಿ ಕೇಳಿಸುವುದಿಲ್ಲ.

ಆದರೆ ಈ ಸಾಧನದ ಮೇಲೆ ಪೂರ್ಣ ಭರವಸೆ ಇಡುವಂತಿಲ್ಲ. ಭಂಡಾರ ನಮ್ಮದು, ಪರದೆ ನಮ್ಮದು, ಎರಡರ ನಡುವೆ ಇಪ್ಪತ್ತು ಅಡಿ ಅಂತರ. ಆದರೂ ಕ್ರೋಮ್‌ಕಾಸ್ಟ್‌ನಂಥ ಸಾಧನವು ಕಡತವನ್ನು ತೋರಿಸುವ ಮುನ್ನ, ಅದಕ್ಕೆ ಬೇಕಾದ ಸಣ್ಣ ತಂತ್ರಾಂಶವನ್ನು ಅಂತರಜಾಲದಿಂದ ತರಿಸಿಕೊಳ್ಳುವುದು ಸಾಮಾನ್ಯ ಕ್ರಮ. ಹೊರಗಿನ ಸಂಪರ್ಕ ಕಡಿದರೆ ಮನೆಯೊಳಗಿನ ದಾರಿಯೂ ಮುಚ್ಚುವುದುಂಟು. 2025ರ ಮಾರ್ಚಿಯಲ್ಲಿ ಎರಡನೆಯ ತಲೆಮಾರಿನ ಕ್ರೋಮ್‌ಕಾಸ್ಟ್‌ಗಳು ಜಗತ್ತಿನಾದ್ಯಂತ ಒಮ್ಮೆಗೇ ಕೆಲಸ ನಿಲ್ಲಿಸಿದವು. ಯಂತ್ರ ಕೆಟ್ಟಿರಲಿಲ್ಲ, ಅದರ ಗುರುತನ್ನು ದೃಢೀಕರಿಸುವ ಪ್ರಮಾಣಪತ್ರದ ಅವಧಿ ತೀರಿತ್ತು. ಕೆಲವೇ ದಿನಗಳಲ್ಲಿ ಕಂಪನಿ ತಿದ್ದುಪಡಿ ಕಳುಹಿಸಿತು. ಆ ಹೆಸರಿನ ಸಾಧನಗಳ ತಯಾರಿಕೆಯನ್ನು ನಿಲ್ಲಿಸುವುದಾಗಿ ಅದು 2024ರ ಆಗಸ್ಟಿನಲ್ಲಿಯೇ ಪ್ರಕಟಿಸಿತ್ತು. ಹದಿನೆಂಟು ಜನ ಪಾತ್ರಧಾರಿಗಳ ಪೈಕಿ ನಾಲ್ವರು ಮಾತ್ರ ಬದುಕಿರುವ ನಾಟಕವನ್ನು ಇಂಥ ಅವಧಿಪತ್ರಗಳಿಗೆ ಒಪ್ಪಿಸಿ ಕೂರುವುದು ವಿವೇಕವಲ್ಲ.

ಆದ್ದರಿಂದ ಮೂರು ಟೇಪುಗಳ ಮೂಲಪ್ರತಿ ಮತ್ತು ಓದುಪ್ರತಿಗಳನ್ನು ಐದು ಹಾರ್ಡ್ ಡಿಸ್ಕುಗಳಿಗೆ ಹಾಕಿ ಐದು ಮನೆಗಳಿಗೆ ಕೊಟ್ಟಿದ್ದೇವೆ. ಅದರಲ್ಲೊಂದು ತೀರಿಹೋದ ಮೇಷ್ಟ್ರ ಮಗನ ಮನೆಗೆ. ಅತ್ತಿಮಬ್ಬೆಯು ಪೊನ್ನನ ಶಾಂತಿಪುರಾಣಕ್ಕೆ ಸಾವಿರ ಪ್ರತಿ ಮಾಡಿಸಿ ಹಂಚಿದಳೆಂಬ ಪ್ರಸಿದ್ಧಿಯನ್ನು ಬಲ್ಲವರಿಗೆ ಐದು ಎಂಬುದು ಸಂಕೋಚದ ಸಂಖ್ಯೆ. ಪ್ರತಿಯೊಂದು ಡಿಸ್ಕಿನಲ್ಲಿಯೂ ಕನ್ನಡದಲ್ಲಿ ಬರೆದ ಒಂದು ಸರಳ ಪಠ್ಯಕಡತವಿದೆ: ಎಷ್ಟನೆಯ ನಿಮಿಷದಲ್ಲಿ ಯಾವ ಪಾತ್ರ, ಯಾರ ಮುಖ, ಯಾರ ಧ್ವನಿ, ಯಾವ ಪದ್ಯ, ಮುದ್ರಿತ ಪುಸ್ತಕಕ್ಕಿಂತ ಎಲ್ಲಿ ಭೇದ, ಈ ಮಾಹಿತಿ ಹೇಳಿದವರು ಯಾರು. ಅದನ್ನು ತೆರೆಯಲು ಯಾವ ಕಂಪನಿಯ ತಂತ್ರಾಂಶವೂ ಬೇಡ. ಕರ್ಣನ ಕೊನೆಯ ಪದ್ಯದ ಎದುರಿಗೆ ಮುಖ ದೊಡ್ಡಪ್ಪನದು, ಧ್ವನಿ ಮತ್ತು ಉತ್ತರಾರ್ಧದ ಕರ್ತೃತ್ವ ಮೇಷ್ಟ್ರದು ಎಂದು ಬರೆದು, ಹೇಳಿದವರ ಸ್ಥಳದಲ್ಲಿ ದೊಡ್ಡಮ್ಮನ ಹೆಸರನ್ನು ನಮೂದಿಸಿದ್ದೇವೆ. ಪತ್ರಿಕೆಯಲ್ಲಿಯೋ ಪುಸ್ತಕದಲ್ಲಿಯೋ ತಮ್ಮ ಹೆಸರು ಬರುವುದು ಅವರಿಗೆ ಬೇಡವಂತೆ. ಡಿಸ್ಕಿನಲ್ಲಿ ಇದ್ದರೆ ಪರವಾಗಿಲ್ಲ ಎಂದಿದ್ದಾರೆ.

ಎರಡನೆಯ ಕೃಷ್ಣ ಯಾರೆಂಬ ಸ್ಥಳ ಮಾತ್ರ ಇನ್ನೂ ಖಾಲಿ. ಹೊಸಕೋಟೆಯ ಕಡೆಯಿಂದ ಬಂದ ಹುಡುಗನೊಬ್ಬ, ಒಳ್ಳೆಯ ಮೋಹನ ರಾಗ ಹಾಡುತ್ತಿದ್ದ ಎಂದಷ್ಟೇ ಶಕುನಿಯವರಿಗೆ ನೆನಪು. ಬರುವ ಜಾತ್ರೆಗೆ ಆ ಸೀಮೆಯ ಇಬ್ಬರು ಹಳೆಯ ಪಾತ್ರಧಾರಿಗಳು ಬರುತ್ತಾರಂತೆ. ಟಿವಿ ಇರುವ ಮನೆಯೊಂದನ್ನು ಅಲ್ಲಿ ಗೊತ್ತು ಮಾಡಿಟ್ಟಿದ್ದೇವೆ.